ಅಮೆರಿಕದ ಪಾಸ್‌ಪೋರ್ಟ್, ಯುರೋಪಿನ ಮನೆ: ಊಟಕ್ಕೂ ಓಡಾಟಕ್ಕೂ ಹೊತ್ತು ನೋಡಿಕೊಳ್ಳಿ

ಇಟಲಿಯ ಓರ್ವಿಯೆಟೊ ಎಂಬ ಗುಡ್ಡದ ಮೇಲಿನ ಊರು. ಮಧ್ಯಾಹ್ನ ಮೂರೂವರೆ. ನಾವು ನಾಲ್ಕು ಜನ ಹಸಿದು ಬೀದಿಯಲ್ಲಿ ನಿಂತಿದ್ದೆವು. ಕಣ್ಣಿಗೆ ಕಾಣುವಷ್ಟು ದೂರ ಹೋಟೆಲುಗಳೇ ಇದ್ದವು, ಆದರೆ ಒಂದರಲ್ಲೂ ಒಲೆ ಉರಿಯುತ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿ ಹನ್ನೊಂದು ವರ್ಷ ಇದ್ದು ಬಂದ ನಮಗೆ ಇದು ಅರ್ಥವೇ ಆಗಲಿಲ್ಲ, ಯಾಕೆಂದರೆ ಅಲ್ಲಿ ಹೆದ್ದಾರಿ ಪಕ್ಕದ ಡೈನರ್‌ನಲ್ಲಿ ರಾತ್ರಿ ಎರಡು ಗಂಟೆಗೂ ಬಿಸಿ ಪ್ಯಾನ್‌ಕೇಕ್ ಸಿಗುತ್ತದೆ. ಕೊನೆಗೆ ಒಬ್ಬ ಅಜ್ಜಿ ನಮ್ಮ ಮುಖ ನೋಡಿ, ಮೂಲೆಯಲ್ಲಿದ್ದ ಒಂದು ಬೇಕರಿಯ ಕಡೆ ಕೈ ತೋರಿಸಿದರು. ಅಲ್ಲಿ ಸಿಕ್ಕಿದ ಟೊಮೇಟೊ ಹಚ್ಚಿದ ಪಿಜ್ಜಾ ತುಂಡುಗಳೇ ಆ ದಿನದ ಊಟ.

ಯುರೋಪಿನಲ್ಲಿ ಎಲ್ಲಕ್ಕೂ ಒಂದು ಹೊತ್ತಿದೆ ಎಂದು ಅವತ್ತು ತಿಳಿಯಿತು. ಊಟಕ್ಕೆ, ಅಂಗಡಿಗೆ, ರೈಲಿಗೆ, ಕಡೆಗೆ ಕಾಗದಪತ್ರಕ್ಕೂ. ಅಮೆರಿಕದಲ್ಲಿ ಗಿರಾಕಿ ಬಂದಾಗಲೇ ಹೊತ್ತು. ಇಲ್ಲಿ ಗಿರಾಕಿಯೇ ಹೊತ್ತು ನೋಡಿಕೊಂಡು ಬರಬೇಕು. ನಮ್ಮ ಅಜ್ಜಿ ಮನೆಯಲ್ಲೂ ಹಾಗೇ ಇತ್ತಲ್ವಾ? ಹನ್ನೆರಡೂವರೆಗೆ ಎಲೆ ಹಾಕಿದರೆ ಹಾಕಿದ್ದು. ಎರಡು ಗಂಟೆಗೆ ಒಲೆ ಆರಿಸಿ, ಅಡುಗೆಮನೆ ತೊಳೆದು, ಬಾಗಿಲು ಮುಂದೆ ಮಾಡಿಬಿಡುತ್ತಿದ್ದರು.

ಅಮೆರಿಕದಲ್ಲಿ ಕೆಲವು ವರ್ಷ ಇದ್ದು, ಅಲ್ಲಿನ ಪೌರತ್ವ ತೆಗೆದುಕೊಂಡು, ಈಗ ಕೆಲಸಕ್ಕೋ ಓದಿಗೋ ಯುರೋಪಿಗೆ ಬರುತ್ತಿರುವ ಕನ್ನಡದವರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ನಾವೀಗ ಇರುವುದು ಮ್ಯೂನಿಕ್‌ನಲ್ಲಿ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಂದು ಸಲ ಸರಿಯಾಗಿ ಬರೆದುಬಿಡೋಣ ಅನ್ನಿಸಿತು. ನಾನು ಸಸ್ಯಾಹಾರಿ, ಆದ್ದರಿಂದ ಆ ಕಡೆಗೆ ಸ್ವಲ್ಪ ಜಾಸ್ತಿ ಬರೆದಿದ್ದೇನೆ.

1. ಮೊದಲು ದಿನ ಎಣಿಸಿ

ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ದೇಶಗಳಿಗೆ (ತಮ್ಮ ತಮ್ಮ ನಡುವೆ ಸಾಮಾನ್ಯವಾಗಿ ಗಡಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳಿಗೆ) ಸುತ್ತಾಡಲು ಬರಲು ವೀಸಾ ಬೇಡ. ಆದರೆ ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ ಇರಬಹುದು. ಇದು ಒಂದು ದೇಶದ ಲೆಕ್ಕವಲ್ಲ, 29 ದೇಶಗಳಿಗೂ ಸೇರಿಸಿ ಒಂದೇ ಲೆಕ್ಕ. ಫ್ರಾನ್ಸ್‌ನಲ್ಲಿ 60 ದಿನ ಇದ್ದು ಇಟಲಿಗೆ ಹೋದರೆ ಉಳಿಯುವುದು 30. ಹೊರಡುವ ಮುಂಚೆ ಪಾಸ್‌ಪೋರ್ಟನ್ನೂ ನೋಡಿಕೊಳ್ಳಿ: ಅದನ್ನು ಕೊಟ್ಟು 10 ವರ್ಷ ದಾಟಿರಬಾರದು, ನೀವು ವಾಪಸ್ ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು.

2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು ಮತ್ತು ಫೋಟೋ ತೆಗೆದುಕೊಳ್ಳುವ ಹೊಸ ಪದ್ಧತಿ ಶುರುವಾಗಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಕಂಪ್ಯೂಟರೇ ನಿಮ್ಮ ದಿನ ಎಣಿಸುತ್ತದೆ. ಎರಡು ದಿನ ಜಾಸ್ತಿ ಆದರೆ ಯಾರು ನೋಡುತ್ತಾರೆ ಎಂಬ ಮಾತು ಇನ್ನು ನಡೆಯುವುದಿಲ್ಲ.

ಇಲ್ಲಿ ನೆಲೆಸಲು ಬರುವವರದು ಬೇರೆ ಲೆಕ್ಕ. ಅಮೆರಿಕದ ಪೌರರು ಜರ್ಮನಿಗೆ ವೀಸಾ ಇಲ್ಲದೆ ಬಂದು, ಇಲ್ಲಿಂದಲೇ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಮನೆ ಸಿಕ್ಕ ಮೇಲೆ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ದಾಖಲು ಮಾಡಿಸಬೇಕು. ಪರವಾನಗಿ ಕಾರ್ಡ್ ಕೈಗೆ ಬಂದರೆ ಜರ್ಮನಿಯಲ್ಲಿ ಕಳೆದ ದಿನ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಉಳಿದ ಷೆಂಗೆನ್ ದೇಶಗಳಿಗೆ ಆ 90 ದಿನದ ಮಿತಿ ಹಾಗೇ ಇರುತ್ತದೆ. ಗಡಿ ದಾಟುವಾಗ ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಜೊತೆಗಿರಲಿ.

ನಮ್ಮವರ ಮನೆಗಳಲ್ಲಿ ಗಂಡನದು ಅಮೆರಿಕದ ಪಾಸ್‌ಪೋರ್ಟ್, ಹೆಂಡತಿಯದು ಭಾರತದ್ದು, ಅಥವಾ ಇದರ ತಿರುಗುಮುರುಗು ಇರುವುದು ಸಾಮಾನ್ಯ. ಜರ್ಮನಿಯ ಕಾರ್ಡ್ ಇದ್ದರೆ ಇಬ್ಬರೂ ಇಟಲಿಗೆ ಒಟ್ಟಿಗೆ ಹೋಗಬಹುದು. ಆದರೆ ಲಂಡನ್ ಪ್ರವಾಸ ಅಂತ ಹೊರಟರೆ ಅಮೆರಿಕದ ಪಾಸ್‌ಪೋರ್ಟಿನವರಿಗೆ ಆನ್‌ಲೈನ್ ಅನುಮತಿ ಸಾಕು (2025ರ ಜನವರಿಯಿಂದ ಅದು ಕಡ್ಡಾಯ), ಭಾರತದ ಪಾಸ್‌ಪೋರ್ಟಿನವರಿಗೆ ಪೂರ್ತಿ ವೀಸಾನೇ ಬೇಕು. ಐರ್ಲೆಂಡ್ ಕೂಡ ಷೆಂಗೆನ್‌ನಲ್ಲಿ ಇಲ್ಲ. ಟಿಕೆಟ್ ತೆಗೆಯುವ ಮುಂಚೆ ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಬೇರೆ ಬೇರೆಯಾಗಿ ನೋಡಿ.

ಇನ್ನೊಂದು ಮಾತು. ಇಲ್ಲಿ ಮನೆ ಮಾಡಿದ ಮೇಲೆ ಎಷ್ಟೋ ಕಡೆ ಕೇಳುವುದು ಪಾಸ್‌ಪೋರ್ಟ್ ಯಾವ ದೇಶದ್ದು ಎಂದಲ್ಲ, ಮನೆ ಎಲ್ಲಿ ಎಂದು. ಪ್ರವಾಸಿಗಳಿಗೆ ಅಂಗಡಿಯಲ್ಲಿ ತೆರಿಗೆ ವಾಪಸ್ ಕೊಡುತ್ತಾರಲ್ಲ, ಅದು ಯುರೋಪಿಯನ್ ಒಕ್ಕೂಟದ ಹೊರಗೆ ಮನೆ ಇದ್ದವರಿಗೆ ಮಾತ್ರ. ಅಮೆರಿಕದ ಪಾಸ್‌ಪೋರ್ಟ್ ತೋರಿಸಿದರೂ ಮ್ಯೂನಿಕ್ ನಿವಾಸಿಗೆ ಅದಿಲ್ಲ. ರೈಲಿನ ಪಾಸ್ ವಿಷಯವೂ ಹೀಗೇ, ಅದನ್ನು ಮುಂದೆ ಹೇಳುತ್ತೇನೆ.

2. ಪೆಟ್ಟಿಗೆ ಕಟ್ಟುವಾಗ

ಅಮೆರಿಕದಲ್ಲಿ ಕೊಂಡ ಮಿಕ್ಸಿ, ರೈಸ್ ಕುಕ್ಕರ್, ಇನ್‌ಸ್ಟಂಟ್ ಪಾಟ್ ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ. ಅವು 120 ವೋಲ್ಟಿನವು. ಇಲ್ಲಿ 230 ವೋಲ್ಟ್, ಹಾಕಿದ ಕ್ಷಣ ಸುಟ್ಟುಹೋಗುತ್ತವೆ. ಊರಿನಿಂದ ತಂದ ಮಿಕ್ಸಿ ಇದ್ದರೆ ಅದನ್ನು ಖಂಡಿತ ತನ್ನಿ! ಭಾರತದಲ್ಲೂ ಯುರೋಪಿನಲ್ಲೂ ವಿದ್ಯುತ್ ಒಂದೇ, 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗಿಗೆ ಒಂದು ಅಡಾಪ್ಟರ್ ಸಾಕು. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ 100–240 ಎಂದು ಬರೆದಿರುತ್ತದೆ, ಅವಕ್ಕೆ ತೊಂದರೆ ಇಲ್ಲ.

ತಿಂಡಿ ತುಂಬುವಾಗ ಸ್ವಲ್ಪ ಯೋಚಿಸಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ಮತ್ತು ಮಾಂಸ ತರುವ ಹಾಗಿಲ್ಲ. ತುಪ್ಪ, ಪನೀರ್, ಪೇಡ ಎಲ್ಲ ಇದರಲ್ಲೇ ಬಂತು. ಹಸಿ ಹಣ್ಣು, ತರಕಾರಿ, ಸೊಪ್ಪು ತರಲು ಸರ್ಟಿಫಿಕೇಟ್ ಬೇಕು, ಕರಿಬೇವಿಗೂ ಬೇಕು. ಐದೇ ಐದು ಹಣ್ಣಿಗೆ ವಿನಾಯಿತಿ ಇದೆ: ಅನಾನಸ್, ತೆಂಗಿನಕಾಯಿ, ಡ್ಯೂರಿಯನ್, ಬಾಳೆಹಣ್ಣು, ಖರ್ಜೂರ. ತೆಂಗಿನಕಾಯಿ ತರಬಹುದು, ಒಗ್ಗರಣೆಯ ಕರಿಬೇವು ತರುವ ಹಾಗಿಲ್ಲ. ಚಟ್ನಿಪುಡಿ, ಸಾರಿನಪುಡಿ, ಒಣಮೆಣಸಿನಕಾಯಿ ಪುಡಿಗಳನ್ನು ಧಾರಾಳವಾಗಿ ತುಂಬಿಕೊಳ್ಳಿ. ಒಕ್ಕೂಟದ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಈ ಗೊಡವೆ ಇಲ್ಲ. ಪ್ಯಾರಿಸ್‌ಗೆ ಹೋದಾಗ ನಾನು ಲಾ ಶಪೆಲ್ ಬಡಾವಣೆಯ ಶ್ರೀಲಂಕಾ ತಮಿಳರ ಅಂಗಡಿಗಳಿಂದ ನುಗ್ಗೆಕಾಯಿ, ಕರಿಬೇವು ತಂದು ಫ್ರೀಜರಿನಲ್ಲಿ ಇಡುತ್ತೇನೆ.

3. ದುಡ್ಡು ಮತ್ತು ತಾರೀಖು

ಬೇರೆ ದೇಶದಲ್ಲಿ ಬಳಸಿದರೆ ಶುಲ್ಕ ಹಾಕದ ಒಂದು ಕಾರ್ಡನ್ನು ಅಮೆರಿಕದಲ್ಲಿ ಇರುವಾಗಲೇ ಮಾಡಿಸಿಕೊಳ್ಳಿ. ಅಂಗಡಿಯ ಯಂತ್ರ "ಡಾಲರಿನಲ್ಲಿ ಕೊಡುತ್ತೀರಾ, ಯುರೋದಲ್ಲಾ" ಎಂದು ಕೇಳಿದರೆ ಯಾವಾಗಲೂ ಯುರೋ ಒತ್ತಿ. ಡಾಲರ್ ಒತ್ತಿದರೆ ಅವರು ಹಾಕುವ ದರದಲ್ಲಿ ನಿಮಗೆ ನಷ್ಟ. ಅಮೆರಿಕದ ಎಷ್ಟೋ ಕ್ರೆಡಿಟ್ ಕಾರ್ಡುಗಳಿಗೆ ಪಿನ್ ಇರುವುದಿಲ್ಲ, ಜನ ಇಲ್ಲದ ಪೆಟ್ರೋಲ್ ಬಂಕ್, ಟಿಕೆಟ್ ಯಂತ್ರಗಳಲ್ಲಿ ಅವು ಕೈಕೊಡಬಹುದು. ಫೋನಿನಲ್ಲಿ ಕಾರ್ಡ್ ಹಾಕಿಕೊಂಡಿದ್ದರೆ ಬಹುಪಾಲು ಕಡೆ ನಡೆಯುತ್ತದೆ. ಜರ್ಮನಿಯ ಸಣ್ಣ ಬೇಕರಿ, ಹಳ್ಳಿ ಹೋಟೆಲುಗಳಲ್ಲಿ ಈಗಲೂ ನಗದು ಕೇಳುತ್ತಾರೆ. ಐವತ್ತು ಯುರೋ ಜೇಬಲ್ಲಿರಲಿ, ಚಿಲ್ಲರೆಯೂ ಇರಲಿ, ರೈಲು ನಿಲ್ದಾಣದ ಶೌಚಾಲಯಕ್ಕೆ ಬೇಕಾಗುತ್ತದೆ.

ತಾರೀಖು ಇಲ್ಲಿ ನಮ್ಮ ಊರಿನ ಹಾಗೆ, ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದಲ್ಲಿ ವರ್ಷಗಟ್ಟಲೆ ಇದ್ದರೆ ಕಣ್ಣು ಆ ಕಡೆಗೆ ತಿರುಗಿಬಿಟ್ಟಿರುತ್ತದೆ. 06/07 ಎಂದಿದ್ದ ಟಿಕೆಟನ್ನು ನಮ್ಮ ಯಜಮಾನರು ಜೂನ್ 7 ಎಂದು ಓದಿ ರಜೆ ಹಾಕಿದ್ದರು. ಅದು ಜುಲೈ 6. ಟಿಕೆಟ್ ತೆಗೆಯುವಾಗ ತಿಂಗಳಿನ ಹೆಸರು ಅಕ್ಷರದಲ್ಲಿ ಕಾಣುವ ತನಕ ದುಡ್ಡು ಕಟ್ಟಬೇಡಿ. ಗಂಟೆಯೂ 24ರ ಲೆಕ್ಕ. ಕಟ್ಟಡದ ಒಂದನೇ ಮಹಡಿ ಅಂದರೆ ಅಮೆರಿಕದವರ ಎರಡನೇ ಮಹಡಿ.

4. ಯಾವ ದೇಶದಲ್ಲಿ ಯಾವಾಗ ಹಸಿಯಬೇಕು

ಪ್ರವಾಸದ ದಿನ ಕೂರಿಸುವಾಗ ನಾನು ಮೊದಲು ಬರೆಯುವುದು ಊಟದ ಹೊತ್ತು. ನೋಡುವ ಜಾಗ ಆಮೇಲೆ.

ಜರ್ಮನಿ, ಆಸ್ಟ್ರಿಯಾದಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ, ರಾತ್ರಿಯದು ಆರಕ್ಕೇ ಶುರು. ಹಳ್ಳಿ ಕಡೆ ರಾತ್ರಿ ಒಂಬತ್ತಕ್ಕೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ಫ್ರಾನ್ಸ್‌ನಲ್ಲಿ ಹನ್ನೆರಡರಿಂದ ಎರಡು, ಆಮೇಲೆ ಏಳೂವರೆ. ಇಟಲಿಯಲ್ಲಿ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆಯ ಮೇಲೆ. ಸ್ಪೇನ್ ಎಲ್ಲರಿಗಿಂತ ತಡ: ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿ ಒಂಬತ್ತರ ಮೇಲೆ. ಅಮೆರಿಕದ ಅಭ್ಯಾಸದಲ್ಲಿ ಸಂಜೆ ಆರಕ್ಕೆ ಸ್ಪೇನಿನ ಹೋಟೆಲಿಗೆ ಹೋದರೆ ಕುರ್ಚಿಗಳು ಇನ್ನೂ ಮೇಜಿನ ಮೇಲೇ ಇರುತ್ತವೆ.

ನಡುವಿನ ಹೊತ್ತಿನಲ್ಲಿ ಹಸಿದರೆ ಬೇಕರಿಗೆ ಹೋಗಿ. ಇಟಲಿಯಲ್ಲಿ 'ಪಿಜ್ಜಾ ಅಲ್ ತಾಲ್ಯೊ' ಎಂದು ಬರೆದಿರುವ ಅಂಗಡಿ ಹುಡುಕಿ. ದೊಡ್ಡ ತಟ್ಟೆಯ ಪಿಜ್ಜಾದಲ್ಲಿ ಎಷ್ಟು ಬೇಕು ಎಂದು ಕೈಯಲ್ಲಿ ತೋರಿಸಿದರೆ ಕತ್ತರಿಸಿ, ತೂಕ ಹಾಕಿ ಕೊಡುತ್ತಾರೆ. ಸ್ಪೇನಿನಲ್ಲಿ ಸಣ್ಣ ಸಣ್ಣ ತಟ್ಟೆಯಲ್ಲಿ ತಿಂಡಿ ಕೊಡುವ ತಾಪಾಸ್ ಬಾರ್ ಇದೆ. ಸಣ್ಣ ಮಕ್ಕಳಿದ್ದರೆ ಇಲ್ಲಿ ಬಂದ ಮೊದಲ ತಿಂಗಳು ಚೀಲದಲ್ಲಿ ಏನಾದರೂ ತಿಂಡಿ ಇಟ್ಟುಕೊಂಡೇ ಹೊರಡಿ, ಯಾಕೆಂದರೆ ಅವರ ಹೊಟ್ಟೆ ಇನ್ನೂ ಅಮೆರಿಕದ ಗಂಟೆಯಲ್ಲೇ ಇರುತ್ತದೆ.

ಕೆಲಸದ ದಿನಗಳಲ್ಲಿ ಮಧ್ಯಾಹ್ನದ ಊಟವನ್ನೇ ದೊಡ್ಡದಾಗಿ ಮಾಡಿ. ಸ್ಪೇನಿನ 'ಮೆನು ದೆಲ್ ದಿಯಾ', ಫ್ರಾನ್ಸಿನ 'ಫೋರ್ಮ್ಯುಲ್', ಆಸ್ಟ್ರಿಯಾದ 'ಮಿಟ್ಟಾಗ್ಸ್‌ಮೆನ್ಯು', ಎಲ್ಲವೂ ನಮ್ಮ ಮಿನಿ ಮೀಲ್ಸ್ ಥರ, ಒಂದೇ ಬೆಲೆಗೆ ಎರಡು ಮೂರು ಐಟಂ. ಅದೇ ಹೋಟೆಲಿನಲ್ಲಿ ರಾತ್ರಿ ಉಂಡರೆ ಬಿಲ್ ತುಂಬ ಜಾಸ್ತಿ ಆಗುತ್ತದೆ.

ಕಾಫಿಗೂ ಹೊತ್ತಿದೆ. ಇಟಲಿಯವರು ಹಾಲು ಹಾಕಿದ ಕಾಪುಚಿನೋ ಬೆಳಿಗ್ಗೆ ಮಾತ್ರ ಕುಡಿಯುತ್ತಾರೆ. ಊಟದ ಮೇಲೆ ಕೇಳಿದರೂ ಕೊಡುತ್ತಾರೆ, ಭಯ ಬೇಡ. ಕೌಂಟರಿನಲ್ಲಿ ನಿಂತು ಕುಡಿದರೆ ಎಸ್ಪ್ರೆಸೋ ಒಂದೂವರೆ ಯುರೋ ಆಸುಪಾಸು, ಅದೇ ಮೇಜಿಗೆ ಕೂತರೆ ಎರಡು ಮೂರು ಪಟ್ಟು ಆಗಬಹುದು. ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ಬೈಟು ಕಾಫಿ ಕುಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಕೆಲವು ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕಟ್ಟಿ ಚೀಟಿ ತರುವುದು ಕೂಡ ದರ್ಶಿನಿಯ ಹಾಗೇ. ಬರೀ 'ಲಾಟೆ' ಎಂದು ಕೇಳಬೇಡಿ, ಒಂದು ಲೋಟ ಹಾಲು ಬರುತ್ತದೆ. 'ಕಫೆ ಲಾಟೆ' ಎನ್ನಿ. ವಿಯೆನ್ನಾಕ್ಕೆ ಹೋದರೆ 'ಮೆಲಾಂಜ್' ಎಂಬ ಹಾಲು ಹಾಕಿದ ಕಾಫಿ ಕುಡಿಯಿರಿ, ಜೊತೆಗೆ ಒಂದು ಲೋಟ ನೀರು ತಾನಾಗಿ ಬರುತ್ತದೆ. ಅಲ್ಲಿನ ಕಾಫಿಮನೆಗಳಲ್ಲಿ ಒಂದು ಕಾಫಿಗೆ ಎರಡು ಗಂಟೆ ಪೇಪರ್ ಓದುತ್ತ ಕೂತರೂ ಯಾರೂ ಏಳಿ ಎನ್ನುವುದಿಲ್ಲ. ಅದು ನನಗೆ ತುಂಬ ಇಷ್ಟವಾದ ಜಾಗ.

5. ಕೂತ ಮೇಲೆ

ಒಳಗೆ ಹೋದ ತಕ್ಷಣ ನಮಸ್ಕಾರ ಹೇಳಿ. ಫ್ರಾನ್ಸ್‌ನಲ್ಲಂತೂ 'ಬೋಂಜೂರ್' ಅನ್ನದೆ ನೇರವಾಗಿ ಪ್ರಶ್ನೆ ಕೇಳಿದರೆ ಅವರಿಗೆ ಬೇಸರವಾಗುತ್ತದೆ. ಆ ಒಂದು ಮಾತಿಗೆ ಸಿಗುವ ಮರ್ಯಾದೆ ದೊಡ್ಡದು.

ನೀರು ತಾನಾಗಿ ಬರುವುದಿಲ್ಲ. ಐಸ್ ತುಂಬಿದ ಲೋಟ, ಮತ್ತೆ ಮತ್ತೆ ತುಂಬಿಸಿ ಕೊಡುವ ಸೋಡಾ, ಎರಡನ್ನೂ ಮರೆತುಬಿಡಿ. ಫ್ರಾನ್ಸ್‌ನಲ್ಲಿ 'ಯುನ್ ಕರಾಫ್ ದೋ' ಎಂದು ಕೇಳಿದರೆ ನಲ್ಲಿ ನೀರನ್ನು ಪುಕ್ಕಟೆ ಕೊಡುತ್ತಾರೆ. ಸ್ಪೇನಿನಲ್ಲಿ 2022ರ ಕಾನೂನಿನ ಪ್ರಕಾರ ಕೇಳಿದವರಿಗೆ ನಲ್ಲಿ ನೀರು ಪುಕ್ಕಟೆ ಕೊಡಲೇಬೇಕು. ಜರ್ಮನಿ, ಇಟಲಿಯಲ್ಲಿ ಸಾಮಾನ್ಯವಾಗಿ ಬಾಟಲಿ ನೀರೇ, ಅದಕ್ಕೆ ದುಡ್ಡು, ಅದರಲ್ಲೂ ಗ್ಯಾಸ್ ಇರುವುದೋ ಇಲ್ಲದಿರುವುದೋ ಎಂದು ಹೇಳಬೇಕು. ಜರ್ಮನಿಯಲ್ಲಿ 'ಶ್ಟಿಲ್' ಅಂದರೆ ಗ್ಯಾಸ್ ಇಲ್ಲದ್ದು, ಇಟಲಿಯಲ್ಲಿ 'ನತುರಾಲೆ'. ರೋಮ್‌ನಲ್ಲಿ ಬಾಟಲಿ ಕೊಳ್ಳಲೇಬೇಡಿ. 1870ರ ದಶಕದಿಂದ ಹಾಕುತ್ತ ಬಂದ ಸುಮಾರು 2500 ಕಬ್ಬಿಣದ ನಲ್ಲಿಗಳು ಬೀದಿಗಳಲ್ಲಿವೆ, ತಣ್ಣನೆ ನೀರು ಹಗಲೂ ರಾತ್ರಿ ಹರಿಯುತ್ತದೆ. ಮೂತಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ತೂತಿನಿಂದ ಕಾರಂಜಿಯಂತೆ ಚಿಮ್ಮುತ್ತದೆ, ಬಾಯಿಟ್ಟು ಕುಡಿಯಬಹುದು.

ಅಮೆರಿಕದ ಇಂಗ್ಲಿಷ್ ಇಲ್ಲಿ ಕೆಲವು ಕಡೆ ದಾರಿ ತಪ್ಪಿಸುತ್ತದೆ. ಅಮೆರಿಕದಲ್ಲಿ 'ಆಂತ್ರೆ' ಅಂದರೆ ಮುಖ್ಯ ಊಟ, ಫ್ರಾನ್ಸ್‌ನಲ್ಲಿ ಅದು ಮೊದಲ ಸಣ್ಣ ತಿಂಡಿ. ಇಟಲಿಯ 'ಪೆಪೆರೋನಿ' ಪಿಜ್ಜಾದಲ್ಲಿ ಮಾಂಸ ಇರುವುದಿಲ್ಲ, ದೊಣ್ಣೆಮೆಣಸಿನಕಾಯಿ ಇರುತ್ತದೆ. ಸ್ಪೇನಿನ 'ತೋರ್ತಿಯಾ' ಮೆಕ್ಸಿಕೋದ ಚಪಾತಿಯಲ್ಲ, ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್. ಪಿಜ್ಜಾ 'ಮರಿನಾರಾ' ಹೆಸರು ಕೇಳಿ ಮೀನು ಅಂದುಕೊಳ್ಳಬೇಡಿ. ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ, ಓರೆಗಾನೋ ಅಷ್ಟೇ. ಚೀಸ್ ಕೂಡ ಇಲ್ಲ.

6. ಮಾಂಸ, ಮೊಟ್ಟೆ, ಕೊಬ್ಬು: ಹುಡುಕುವುದು ಹೇಗೆ

ಸುಮ್ನೆ 'ವೆಜಿಟೇರಿಯನ್' ಅಂದರೆ ಸಾಲುವುದಿಲ್ಲ. ಸ್ಪೇನಿನಲ್ಲಿ ಮಾಂಸ ಬೇಡ ಎಂದರೆ ಸಲಾಡಿನ ಮೇಲೆ ಟ್ಯೂನಾ ಮೀನು ಬಂದಿತು ಎಂದು ಹೇಳುವವರು ಒಬ್ಬಿಬ್ಬರಲ್ಲ. ಅಲ್ಲಿ ಒಂದೊಂದಾಗಿ ಹೇಳಿ: 'ನೋ ಕೋಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್'. ಮಾಂಸ, ಮೀನು, ಹಂದಿಯ ಹ್ಯಾಮ್ ಯಾವುದೂ ತಿನ್ನುವುದಿಲ್ಲ ಎಂದು ಅರ್ಥ. ಜರ್ಮನ್ ಭಾಷೆಯಲ್ಲಿ 'ಓನೆ ಫ್ಲೈಶ್, ಓನೆ ಫಿಶ್, ಓನೆ ಐ', ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದೆ. 'ಶ್ಪೆಕ್' ಎಂಬ ಪದ ಕಂಡರೆ ಅದು ಹಂದಿಯದು, ತರಕಾರಿ ಪಲ್ಯದಲ್ಲೂ ಸೇರಿಕೊಂಡಿರುತ್ತದೆ.

ಕಣ್ಣಿಗೆ ಕಾಣದ್ದನ್ನು ಇನ್ನೂ ಹುಷಾರಾಗಿ ನೋಡಬೇಕು. ಫ್ರಾನ್ಸಿನ ಈರುಳ್ಳಿ ಸೂಪಿಗೆ ಸಾಮಾನ್ಯವಾಗಿ ದನದ ಮೂಳೆಯ ರಸ ಹಾಕುತ್ತಾರೆ. ಬೆಲ್ಜಿಯಂನ ಪ್ರಸಿದ್ಧ ಫ್ರೈಸ್ ಅನ್ನು ಸಾಂಪ್ರದಾಯಿಕವಾಗಿ ಕರಿಯುವುದು ದನದ ಕೊಬ್ಬಿನಲ್ಲಿ, ಅಂಗಡಿಯವರನ್ನು ಕೇಳಿ, ಎಣ್ಣೆಯಲ್ಲಿ ಕರಿಯುವವರೂ ಇದ್ದಾರೆ. ಇಟಲಿಯ ರೊಮಾನ್ಯಾ ಕಡೆಯ 'ಪಿಯಾದಿನಾ' ನೋಡಲು ನಮ್ಮ ಚಪಾತಿಯೇ, ಆದರೆ ಹಿಟ್ಟಿಗೆ ಹಂದಿಕೊಬ್ಬು ಹಾಕುವ ರೂಢಿ ಇದೆ. 'ಸ್ತ್ರುತ್ತೊ' ಇದೆಯೇ ಎಂದು ಕೇಳಿ. ಸ್ಪೇನಿನ ಮಾಯೋರ್ಕಾ ದ್ವೀಪದ ಸುರುಳಿ ಬ್ರೆಡ್ಡು 'ಎನ್ಸೈಮಾದಾ'ದಲ್ಲೂ ಅದೇ ಕೊಬ್ಬು. ಪಾರ್ಮೆಸಾನ್ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದನ್ನು ತಿನ್ನಬೇಕೋ ಬಿಡಬೇಕೋ ನಿಮ್ಮ ಮನಸ್ಸಿಗೆ ಬಿಟ್ಟದ್ದು, ಗೊತ್ತಿದ್ದು ತೀರ್ಮಾನ ಮಾಡಿ ಎಂದಷ್ಟೇ ಹೇಳುವುದು.

ಮೊಟ್ಟೆ ತಿನ್ನದವರಿಗೆ ಎರಡು ಉಪಾಯ. ಇಟಲಿಯಲ್ಲಿ ಸ್ಪಗೆಟ್ಟಿ, ಪೆನ್ನೆ ಥರದ ಒಣ ಪಾಸ್ತಾ ಬರೀ ಗೋಧಿ ರವೆ ಮತ್ತು ನೀರಿನದು. ಬೊಲೋನ್ಯಾ ಕಡೆಯ ತಾಜಾ ತಾಲ್ಯಾತೆಲ್ಲೆ, ರವಿಯೋಲಿಗೆ ಮೊಟ್ಟೆ ಹಾಕಿ ಕಲಸುತ್ತಾರೆ. ಎರಡನೆಯದು ಮೆನುವಿನ ಗುರುತುಗಳು. ಅಲರ್ಜಿ ತರುವ 14 ಪದಾರ್ಥಗಳು ಊಟದಲ್ಲಿ ಇವೆಯೋ ಇಲ್ಲವೋ ಎಂದು ತಿಳಿಸಬೇಕೆಂಬುದು ಯುರೋಪಿಯನ್ ಒಕ್ಕೂಟದ ನಿಯಮ. ಆಸ್ಟ್ರಿಯಾದಲ್ಲಿ ಪ್ರತಿ ತಿನಿಸಿನ ಮುಂದೆ ರೋಮನ್ ಅಕ್ಷರ ಬರೆದಿರುತ್ತಾರೆ: ಎ ಅಂದರೆ ಗ್ಲುಟೆನ್ ಇರುವ ಧಾನ್ಯ, ಸಿ ಮೊಟ್ಟೆ, ಡಿ ಮೀನು, ಜಿ ಹಾಲು. ನಮ್ಮ ಅಮ್ಮ ವಿಯೆನ್ನಾಕ್ಕೆ ಬಂದಾಗ ಅವರಿಗೆ ಜರ್ಮನ್ ಒಂದಕ್ಷರ ಬರುತ್ತಿರಲಿಲ್ಲ, ಆದರೂ ಮೆನು ತೆಗೆದು ಸಿ ಇಲ್ಲದ್ದನ್ನು ತಾವೇ ಹುಡುಕಿ ಆರ್ಡರ್ ಮಾಡುತ್ತಿದ್ದರು. ಮಾಂಸಕ್ಕೆ ಮಾತ್ರ ಈ ಪಟ್ಟಿಯಲ್ಲಿ ಅಕ್ಷರ ಇಲ್ಲ, ಅದನ್ನು ಬಾಯಿಬಿಟ್ಟೇ ಕೇಳಬೇಕು.

ಗ್ರೀಸ್‌ಗೆ ಹೋಗುವವರು ಒಂದು ಪದ ಕಲಿಯಿರಿ: 'ನಿಸ್ತೀಸಿಮಾ'. ಅಲ್ಲಿನ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಮುಟ್ಟದೆ ಮಾಡುವ ಅಡುಗೆಗೆ ಆ ಹೆಸರು. ಎಣ್ಣೆ, ಟೊಮೇಟೊ ಹಾಕಿ ಬೇಯಿಸಿದ ದೊಡ್ಡ ಅವರೆಕಾಳಿನಂಥ 'ಯಿಗಾಂಡೆಸ್' ತಿಂದಾಗ ನನಗೆ ಊರಿನ ಹುಳಿ ನೆನಪಾಯಿತು. ಸಿಗಡಿ, ಆಕ್ಟೋಪಸ್ ಥರದ ಕಡಲ ಜೀವಿಗಳನ್ನು ಮಾತ್ರ ಅವರು ಉಪವಾಸದಲ್ಲೂ ತಿನ್ನುತ್ತಾರೆ, ಅದೊಂದು ಕೇಳಿಕೊಳ್ಳಿ.

7. ಬಿಲ್

ನೀವು ಕೇಳದೆ ಬಿಲ್ ಬರುವುದಿಲ್ಲ. ಮಾಣಿ ನಿಮ್ಮನ್ನು ಮರೆತಿಲ್ಲ, ಆ ಮೇಜು ಆ ಹೊತ್ತು ನಿಮ್ಮದು, ಬಿಲ್ ತಂದಿಟ್ಟರೆ ಏಳಿ ಎಂದ ಹಾಗೆ ಆಗುತ್ತದೆ ಎಂದು ಅವರ ಭಾವನೆ. ಜರ್ಮನಿಯಲ್ಲಿ 'ತ್ಸಾಲೆನ್ ಬಿಟ್ಟೆ', ಇಟಲಿಯಲ್ಲಿ 'ಇಲ್ ಕೊಂತೊ', ಫ್ರಾನ್ಸ್‌ನಲ್ಲಿ 'ಲಾದಿಸ್ಯೋಂ', ಸ್ಪೇನಿನಲ್ಲಿ 'ಲಾ ಕುಯೆಂತಾ'.

ಮೆನುವಿನಲ್ಲಿ ಬರೆದ ಬೆಲೆಯಲ್ಲಿ ತೆರಿಗೆ ಸೇರಿದೆ. ಇಪ್ಪತ್ತು ಶೇಕಡ ಟಿಪ್ಸ್ ಕೊಡುವ ಅಮೆರಿಕದ ಲೆಕ್ಕ ಇಲ್ಲಿ ಬೇಡ. ಫ್ರಾನ್ಸ್‌ನಲ್ಲಿ ಸೇವೆಯ ಹಣ ಬೆಲೆಯೊಳಗೇ ಇದೆ, ಖುಷಿಯಾದರೆ ಒಂದೆರಡು ನಾಣ್ಯ ಬಿಡಿ. ಇಟಲಿಯ ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಒಂದೆರಡು ಯುರೋ ಇರುತ್ತದೆ, ಅದು ಮೋಸವಲ್ಲ, ಮೇಜಿನ ಹಣ. ಜರ್ಮನಿಯಲ್ಲಿ ಐದರಿಂದ ಹತ್ತು ಶೇಕಡ ಸೇರಿಸಿ, ಅದನ್ನು ಮೇಜಿನ ಮೇಲೆ ಬಿಟ್ಟು ಬರಬೇಡಿ, ಕೊಡುವಾಗಲೇ ಹೇಳಿ: 27 ಯುರೋ 40 ಆಗಿದ್ದರೆ "ಮೂವತ್ತು" ಎನ್ನಿ, ಮುಗಿಯಿತು. ಪೋರ್ಚುಗಲ್‌ನಲ್ಲಿ ಕೂತ ತಕ್ಷಣ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ತಿಂದರೆ ದುಡ್ಡು, ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ.

8. ರೈಲು ಹತ್ತುವ ಮುಂಚೆ

ಒಂದೇ ಪಾಸಿನಲ್ಲಿ ಹಲವು ದೇಶಗಳ ರೈಲು ಹತ್ತಬಹುದು, ಆದರೆ ಯುರೋಪಿನಲ್ಲಿ ಮನೆ ಇದ್ದವರು 'ಯೂರೇಲ್' ಪಾಸ್ ಕೊಳ್ಳಬಾರದು, ನಿಮ್ಮದು 'ಇಂಟರ್‌ರೇಲ್'. ಪೌರತ್ವ ಅಮೆರಿಕದ್ದಾದರೂ ಅಷ್ಟೇ, ವಾಸ ಎಲ್ಲಿ ಎಂಬುದೇ ಮುಖ್ಯ. ಇಂಟರ್‌ರೇಲ್‌ನಲ್ಲಿ ನೀವು ವಾಸಿಸುವ ದೇಶದೊಳಗೆ ಹೋಗಲು ಒಂದು, ಬರಲು ಒಂದು ಪ್ರಯಾಣ ಮಾತ್ರ.

ಜರ್ಮನಿಯ ನಿವಾಸಿಗೆ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ದೊಡ್ಡ ಅನುಕೂಲ. 2023ರ ಮೇ ತಿಂಗಳಲ್ಲಿ 49 ಯುರೋಗೆ ಶುರುವಾಯಿತು, 2026ರಿಂದ ತಿಂಗಳಿಗೆ 63 ಯುರೋ. ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮ್, ಮೆಟ್ರೋ, ನಿಧಾನದ ರೈಲುಗಳಲ್ಲಿ ಓಡಾಡಬಹುದು. ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ. ಮ್ಯೂನಿಕ್‌ನಿಂದ ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ಇದರಲ್ಲೇ ಹೋಗಬಹುದು. ನಮ್ಮ ಮನೆಗೆ ನೆಂಟರು ಬಂದರೆ ಮೊದಲ ಪ್ರವಾಸ ಅದೇ. ಇದು ತಿಂಗಳು ತಿಂಗಳು ತಾನಾಗಿ ಮುಂದುವರಿಯುವ ಚಂದಾ, ಬೇಡವಾದರೆ ಆ ತಿಂಗಳ 10ನೇ ತಾರೀಖಿನೊಳಗೆ ನಿಲ್ಲಿಸಿ.

ಸೀಟಿನ ಪದ್ಧತಿ ದೇಶಕ್ಕೊಂದು ಥರ. ವೇಗದ ರೈಲುಗಳಾದ ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚಾರೋಸಾಗೆ ಸೀಟು ಕಾದಿರಿಸಲೇಬೇಕು. ಜರ್ಮನಿಯ ಐಸಿಇಯಲ್ಲಿ ಬಹುತೇಕ ನಿಮ್ಮಿಷ್ಟ, ಆದರೆ ಶುಕ್ರವಾರ ಸಂಜೆ ಕಾದಿರಿಸದೆ ಹತ್ತಿದರೆ ನಿಂತೇ ಹೋಗಬೇಕಾಗಬಹುದು. ಇಟಲಿಯ ನಿಧಾನದ ರೈಲಿಗೆ ಕಾಗದದ ಟಿಕೆಟ್ ತೆಗೆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಿ. ಮುದ್ರೆ ಇಲ್ಲದ ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳುತ್ತದೆ. ಜರ್ಮನಿಯ ಮೆಟ್ರೋಗಳಲ್ಲಿ ಗೇಟೇ ಇಲ್ಲ, ಯಾರೂ ನೋಡುವುದಿಲ್ಲ ಅನ್ನಿಸುತ್ತದೆ, ಆದರೆ ಸಾದಾ ಬಟ್ಟೆಯಲ್ಲಿ ಬಂದು ಪರೀಕ್ಷಿಸುತ್ತಾರೆ. ದಂಡ 60 ಯುರೋ.

ರೈಲು ದಾರಿಯಲ್ಲಿ ಎರಡು ಭಾಗ ಆಗುವುದನ್ನು ಅಮೆರಿಕದಿಂದ ಬಂದವರು ಊಹಿಸುವುದಿಲ್ಲ. ಮ್ಯೂನಿಕ್‌ನಿಂದ ಟೆಗರ್ನ್‌ಜೀ ಎಂಬ ಚಂದದ ಸರೋವರಕ್ಕೆ ಹೋಗುವ ರೈಲು ಹೋಲ್ಟ್ಸ್‌ಕಿರ್ಶೆನ್ ಎಂಬಲ್ಲಿ ಬೇರೆಯಾಗಿ, ಒಂದೊಂದು ಭಾಗ ಒಂದೊಂದು ಊರಿಗೆ ಹೋಗುತ್ತದೆ. ಅಮ್ಮ ಮುಂದಿನ ಬೋಗಿಯಲ್ಲಿ ಕಿಟಕಿ ಪಕ್ಕ ಜಾಗ ಹಿಡಿದು ಕೂತಿದ್ದರು, ನಾನು ಮಗನ ಜೊತೆ ಹಿಂದೆ ಇದ್ದೆ. ಪಕ್ಕದಲ್ಲಿದ್ದವರು ಹೇಳದಿದ್ದರೆ ಅಮ್ಮ ಬೇರೆ ಕಣಿವೆಗೇ ಹೋಗಿಬಿಡುತ್ತಿದ್ದರು. ಆಮೇಲೆ ನಾನು ಹತ್ತುವ ಮುಂಚೆ ಬೋಗಿಯ ಪಕ್ಕದ ಬೋರ್ಡಿನಲ್ಲಿ ಊರಿನ ಹೆಸರು ಓದದೆ ಕಾಲಿಡುವುದಿಲ್ಲ. ಪ್ಲಾಟ್‌ಫಾರ್ಮನ್ನು ರೋಮನ್ ಅಕ್ಷರಗಳಿಂದ ಭಾಗ ಮಾಡಿರುತ್ತಾರೆ, ನಿಮ್ಮ ಬೋಗಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತದೆ ಎಂದು ಫಲಕದಲ್ಲಿ ನೋಡಿ ಅಲ್ಲೇ ನಿಲ್ಲಿ.

ಜರ್ಮನಿಯ ರೈಲು ನಿಮಿಷ ತಪ್ಪುವುದಿಲ್ಲ ಎಂದು ನಂಬಿಕೊಂಡು ಬರಬೇಡಿ. ಒಂದು ರೈಲು ಇಳಿದು ಇನ್ನೊಂದು ಹತ್ತಬೇಕಾದರೆ ನಡುವೆ ಕನಿಷ್ಠ ಅರ್ಧ ಗಂಟೆ ಇಟ್ಟುಕೊಳ್ಳಿ. ಒಂದು ಗಂಟೆಗಿಂತ ತಡವಾದರೆ ಟಿಕೆಟ್ ಬೆಲೆಯ ಕಾಲು ಭಾಗ, ಎರಡು ಗಂಟೆ ದಾಟಿದರೆ ಅರ್ಧ ಭಾಗ ವಾಪಸ್ ಕೇಳಬಹುದು. ಅರ್ಜಿ ಹಾಕಲು ಮರೆಯಬೇಡಿ.

ಬುತ್ತಿಗೆ ರೈಲಿನಷ್ಟು ಒಳ್ಳೆಯ ಜಾಗ ಇಲ್ಲ. ಚಪಾತಿ ಪಲ್ಯ ಬಿಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ, ಪಕ್ಕದವರೂ ತಮ್ಮ ಬ್ರೆಡ್ಡು ಬಿಚ್ಚಿರುತ್ತಾರೆ.

ವಿಮಾನದ ಬಗ್ಗೆ ಎರಡೇ ಮಾತು. ಅಗ್ಗದ ಟಿಕೆಟ್ ಕಂಡರೆ ವಿಮಾನ ನಿಲ್ದಾಣ ಎಲ್ಲಿದೆ ನೋಡಿ: ಪ್ಯಾರಿಸ್ ಎಂದು ಮಾರುವ ಬೋವೆ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 80 ಕಿಲೋಮೀಟರ್ ದೂರ, ಮ್ಯೂನಿಕ್ ಹೆಸರಿನ ಮೆಮ್ಮಿಂಗನ್ ನೂರು ಕಿಲೋಮೀಟರಿಗೂ ದೂರ. ಮತ್ತೆ, ತಲುಪುವುದು ಮೂರು ಗಂಟೆ ತಡವಾಗಿ, ಅದು ಕಂಪನಿಯ ಕಡೆಯ ಕಾರಣಕ್ಕೆ ಆಗಿದ್ದರೆ ದೂರಕ್ಕೆ ತಕ್ಕಂತೆ 250ರಿಂದ 600 ಯುರೋ ಪರಿಹಾರ ಕೇಳುವ ಹಕ್ಕಿದೆ. ಯುರೋಪಿನಿಂದ ಹೊರಡುವ ಎಲ್ಲ ವಿಮಾನಕ್ಕೂ ಇದು ಅನ್ವಯ. ಅಮೆರಿಕದಿಂದ ಬರುವಾಗ ಮಾತ್ರ ಯುರೋಪಿನ ಕಂಪನಿಯ ವಿಮಾನವಾಗಿರಬೇಕು.

9. ಭಾನುವಾರ

ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳೇ ತೆರೆಯುವುದಿಲ್ಲ. ಹಾಲು, ಮೊಸರು, ತರಕಾರಿ ಎಲ್ಲ ಶನಿವಾರವೇ ತನ್ನಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಶನಿವಾರವೂ ರಾತ್ರಿ ಎಂಟಕ್ಕೆ ಬಾಗಿಲು. ತೀರಾ ಬೇಕಾದರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ ತೆರೆದಿರುತ್ತದೆ. ಖಾಲಿ ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಎಸೆಯಬೇಡಿ, ಒಂದೊಂದಕ್ಕೂ ಸಾಮಾನ್ಯವಾಗಿ 25 ಸೆಂಟ್ ಠೇವಣಿ ಕಟ್ಟಿರುತ್ತೀರಿ, ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ವಾಪಸ್ ಸಿಗುತ್ತದೆ.

ಹೊಸದಾಗಿ ಬಂದವರು ಈ ಭಾನುವಾರ ಕಂಡು ಬೇಸರ ಮಾಡಿಕೊಳ್ಳುತ್ತಾರೆ. ನಾವೂ ಮಾಡಿಕೊಂಡಿದ್ದೆವು. ಆಮೇಲೆ ಒಬ್ಬ ಪಕ್ಕದ ಮನೆಯವರು ನಮ್ಮನ್ನು ಹಿರ್ಶ್‌ಗಾರ್ಟನ್ ಎಂಬ ಬಿಯರ್ ಗಾರ್ಡನ್‌ಗೆ ಕರೆದುಕೊಂಡು ಹೋದರು. ಹೆಸರು ಕೇಳಿ ನಾನು ಹಿಂದೆ ಸರಿದಿದ್ದೆ, ಅಲ್ಲಿ ನನಗೇನು ಕೆಲಸ ಎಂದು. ಅಲ್ಲಿ ನೋಡಿದರೆ ಪ್ರತಿ ಕುಟುಂಬವೂ ಮನೆಯಿಂದ ಬುಟ್ಟಿಯಲ್ಲಿ ಊಟ ತಂದಿತ್ತು! 1812ರಲ್ಲಿ ಬವೇರಿಯಾದ ರಾಜ ಮೊದಲನೇ ಮ್ಯಾಕ್ಸಿಮಿಲಿಯನ್, ಬಿಯರ್ ಮಾಡುವವರು ತಮ್ಮ ನೆಲಮಾಳಿಗೆಯ ಹತ್ತಿರ ಬಿಯರ್ ಮಾರಬಹುದು ಆದರೆ ಬ್ರೆಡ್ಡು ಬಿಟ್ಟು ಬೇರೆ ಊಟ ಮಾರುವ ಹಾಗಿಲ್ಲ ಎಂದು ಅಪ್ಪಣೆ ಮಾಡಿದ. ಹೋಟೆಲಿನವರಿಗೆ ನಷ್ಟ ಆಗಬಾರದು ಎಂದು. ಜನ ಮನೆಯಿಂದ ಊಟ ತರತೊಡಗಿದರು. ಈಗ ಅಲ್ಲಿ ಊಟ ಮಾರುತ್ತಾರೆ, ಆದರೂ ಬುತ್ತಿ ತರುವ ಹಕ್ಕು ಹಾಗೇ ಉಳಿದಿದೆ.

ಹೋಗುವ ಕ್ರಮ ಇಷ್ಟು. ಬಟ್ಟೆ ಹಾಸಿದ ಮೇಜಿಗೆ ಕೂರಬೇಡಿ, ಅಲ್ಲಿ ಮಾಣಿ ಬರುತ್ತಾನೆ, ಅಲ್ಲಿನ ಊಟವನ್ನೇ ತೆಗೆದುಕೊಳ್ಳಬೇಕು. ಬರೀ ಮರದ ಮೇಜಿಗೆ ಕೂತು ನಿಮ್ಮ ಡಬ್ಬಿ ಬಿಚ್ಚಿ. ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು, ಮನೆಯಿಂದ ತರುವ ಹಾಗಿಲ್ಲ. ಬಿಯರ್ ಬೇಡವಾದರೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ 'ಆಪ್ಫೆಲ್‌ಶೋರ್ಲೆ' ಕೇಳಿ. ಮಗ್ಗಿಗೆ ಠೇವಣಿ ಹಿಡಿದು ಟೋಕನ್ ಕೊಟ್ಟರೆ ಜೋಪಾನವಾಗಿ ಇಟ್ಟುಕೊಳ್ಳಿ. ಮೇಜು ತುಂಬಿದ್ದರೆ ಗುರುತಿಲ್ಲದವರ ಪಕ್ಕ "ಇಲ್ಲಿ ಜಾಗ ಇದೆಯಾ" ಎಂದು ಕೇಳಿ ಕೂರಬಹುದು, ಎಲ್ಲರೂ ಹಾಗೇ ಮಾಡುತ್ತಾರೆ. ಬಿಸಿಲಿನ ಭಾನುವಾರವಾದರೆ ಹನ್ನೆರಡರೊಳಗೆ ತಲುಪಿ, ಚೆಸ್ಟ್‌ನಟ್ ಮರದ ನೆರಳಿನ ಜಾಗಗಳು ಬೇಗ ತುಂಬುತ್ತವೆ. ನಾವು ಚಿತ್ರಾನ್ನ, ಮೊಸರನ್ನ, ಮಾವಿನ ಉಪ್ಪಿನಕಾಯಿ ಒಯ್ಯುತ್ತೇವೆ, ಒಂದೆರಡು ತಟ್ಟೆ ಜಾಸ್ತಿ ಇಟ್ಟುಕೊಳ್ಳುತ್ತೇವೆ, ಯಾಕೆಂದರೆ ಪಕ್ಕದವರು ಅದೇನು ಎಂದು ಕೇಳಿಯೇ ಕೇಳುತ್ತಾರೆ.